ಕಟ್ಟು ಚೆಲ್ಲಬೇಡಿ: ಬಸ್ಸಾರು, ಪಲ್ಯ, ಪಕ್ಕದಲ್ಲಿ ಮುದ್ದೆ

ಅರಸೀಕೆರೆ, ಚನ್ನರಾಯಪಟ್ಟಣ, ಕಡೂರಿನ ಕಡೆ ಸೊಪ್ಪು-ಕಾಳು ಬೇಯಿಸಿದ ನೀರನ್ನು ಯಾರೂ ಬಚ್ಚಲಿಗೆ ಸುರಿಯುವುದಿಲ್ಲ. ಅದು ಕಟ್ಟು. ಬಸಿದುಕೊಂಡ ಕಟ್ಟಿಗೆ ಖಾರ ಬಿದ್ದರೆ ಬಸ್ಸಾರು, ಪಾತ್ರೆಯಲ್ಲಿ ಉಳಿದ ಸೊಪ್ಪು-ಕಾಳಿಗೆ ಒಗ್ಗರಣೆ ಬಿದ್ದರೆ ಪಲ್ಯ. ಒಂದೇ ಎಸರಿನಲ್ಲಿ ಎರಡು ಅಡುಗೆ. ಸೊಪ್ಪು ಬೇಯುವಾಗ ಬಿ ಗುಂಪಿನ ಜೀವಸತ್ವಗಳೂ ಪೊಟ್ಯಾಸಿಯಂ ಕೂಡ ನೀರಿಗೆ ಇಳಿಯುತ್ತವೆ; ಆ ನೀರೇ ಸಾರಾದರೆ ಅವು ತಟ್ಟೆಗೇ ಬಂದು ಸೇರುತ್ತವೆ. ನಾಲ್ಕು ಜನರ ಊಟಕ್ಕೆ ಒಟ್ಟು ನಾಲ್ಕು ಚಮಚ ಎಣ್ಣೆ, ಐವತ್ತು ನಿಮಿಷ ಸಾಕು.

ಕೆಳಗಿನ ಅಳತೆ ನಾಲ್ಕು ಜನರಿಗೆ. ಲೋಟ ಎಂದರೆ 200 ಮಿಲಿ, ಚಮಚ ಎಂದರೆ ಟೀ ಚಮಚ.

ಕಾಳು ಮತ್ತು ಸೊಪ್ಪು

ಹೆಸರುಕಾಳು 150 ಗ್ರಾಂ, ಲೋಟಕ್ಕೆ ಒಂದಿಷ್ಟು ಕಡಿಮೆ. ಹಲಸಂದೆ, ತೊಗರಿಬೇಳೆ ಯಾವುದಾದರೂ ನಡೆಯುತ್ತದೆ. ಧನುರ್ಮಾಸದಲ್ಲಿ ಹಸಿ ಅವರೆಕಾಳು ಸಿಗುವಾಗ ಬೇರೆ ಕಾಳಿನ ಮಾತೇ ಬೇಡ. ಸೊಪ್ಪಿನಲ್ಲಿ ದಂಟು, ಸಬ್ಬಸಿಗೆ ಅಥವಾ ಹೊಲದ ಬೆರಕೆ ಸೊಪ್ಪು ಎರಡು ದೊಡ್ಡ ಕಟ್ಟು, ಸೋಸಿದ ಮೇಲೆ 400 ಗ್ರಾಂ ಇರಬೇಕು. ಮೆಂತ್ಯ ಸೊಪ್ಪು ಒಂದನ್ನೇ ಹಾಕಿದರೆ ಕಟ್ಟು ಕಹಿಯಾಗುತ್ತದೆ. ಬೇರೆ ಸೊಪ್ಪಿನ ಜೊತೆ ಒಂದು ಹಿಡಿ ಸೇರಿಸಿದರೆ ಮಾತ್ರ ರುಚಿ.

ಕಾಳನ್ನು ಏಳು ಲೋಟ ನೀರಿನಲ್ಲಿ, ಅರ್ಧ ಮುಚ್ಚಿದ ಪಾತ್ರೆಯಲ್ಲಿ ಒಲೆಗಿಡಿ. ನೆನೆಸದ ಹೆಸರುಕಾಳಿಗೆ 20ರಿಂದ 25 ನಿಮಿಷ ಹಿಡಿಯುತ್ತದೆ. ಅಷ್ಟರಲ್ಲಿ ಸೊಪ್ಪು ಸೋಸಿ. ಮೊದಲು ತೊಳೆದು ಆಮೇಲೆ ಹೆಚ್ಚಿ. ಹೆಚ್ಚಿ ತೊಳೆದರೆ ಸತ್ವವೆಲ್ಲ ತೊಳೆದ ನೀರಿಗೇ ಹೋಗುತ್ತದೆ. ಮಣ್ಣು ಪಾತ್ರೆಯ ತಳಕ್ಕೆ ಇಳಿಯುವುದರಿಂದ ನೀರನ್ನು ಬಗ್ಗಿಸುವುದಕ್ಕಿಂತ ಸೊಪ್ಪನ್ನೇ ಮೇಲಕ್ಕೆತ್ತಿ, ಮೂರು ನೀರು ಬದಲಿಸಿ.

ಕಾಳು ಮುಕ್ಕಾಲು ಬೆಂದಾಗ ದಂಟಿನ ಕಡ್ಡಿ, ಐದು ನಿಮಿಷ ಬಿಟ್ಟು ಎಲೆ, ಜೊತೆಗೆ ಒಂದೂವರೆ ಚಮಚ ಉಪ್ಪು. ಎಲೆ ಬಿದ್ದ ಮೇಲೆ ಮುಚ್ಚಳ ಮುಚ್ಚಬಾರದು. ಸೊಪ್ಪಿನ ಹುಳಿಯ ಅಂಶ ಆವಿಯ ಜೊತೆ ಹೊರಗೆ ಹೋಗದೆ ಪಾತ್ರೆಯಲ್ಲೇ ಉಳಿದು ಹಸಿರು ಬಣ್ಣ ಕಂದಾಗುತ್ತದೆ. ಆರೇಳು ನಿಮಿಷ ಕುದಿದರೆ ಸಾಕು.

ಇಡೀ ಬಸ್ಸಾರಿನ ಹಣೆಬರಹ ನಿಂತಿರುವುದು ಇಲ್ಲೇ. ಕಾಳನ್ನು ಬೆರಳಲ್ಲಿ ಹಿಸುಕಿದರೆ ಮೆತ್ತಗೆ ಒಡೆಯಬೇಕು, ಆದರೆ ಪಾತ್ರೆಯಲ್ಲಿ ತಾನಾಗಿ ಬಿರಿದು ಕರಗಿರಬಾರದು. ಕರಗಿತೋ, ಕಟ್ಟು ಗಂಜಿಯಾಗುತ್ತದೆ, ಪಲ್ಯ ಮುದ್ದೆಯಾಗುತ್ತದೆ. ಕುಕ್ಕರಿನಲ್ಲಿ ಸೊಪ್ಪನ್ನೂ ಸೇರಿಸಿ ಮೂರು ಕೂಗು ಕೂಗಿಸುವ ಮನೆಗಳಲ್ಲಿ ದಿನಾ ಆಗುವುದು ಇದೇ. ಕುಕ್ಕರೇ ಬೇಕೆಂದರೆ ಕಾಳೊಂದನ್ನೇ ಒಂದು ಕೂಗು ಕೂಗಿಸಿ, ಒತ್ತಡ ಇಳಿದ ಮೇಲೆ ಮುಚ್ಚಳ ತೆಗೆದು ಸೊಪ್ಪು ಹಾಕಿ. ಆದರೂ ಕರಗಿಹೋಯಿತು ಅಂದರೆ ಬಸಿಯುವ ಗೋಜಿಗೇ ಹೋಗಬೇಡಿ. ಎಲ್ಲವನ್ನೂ ಮಸೆದು ಮಸ್ಸೊಪ್ಪು ಮಾಡಿಬಿಡಿ. ಅದೇನೂ ಸೋಲಲ್ಲ.

ಕಾಳು ಎಷ್ಟು ಹೊತ್ತಾದರೂ ಬೇಯುತ್ತಿಲ್ಲವೇ? ಹಳೆಯ ಕಾಳಿರಬಹುದು, ಇಲ್ಲವೇ ಬೋರ್‌ವೆಲ್ ನೀರಿರಬಹುದು. ಗಡಸು ನೀರಿನ ಕ್ಯಾಲ್ಸಿಯಂ ಕಾಳಿನ ಸಿಪ್ಪೆ ಮೆತ್ತಗಾಗಲು ಬಿಡುವುದಿಲ್ಲ. ರಾತ್ರಿ ನೆನೆಸಿಡಿ, ಫಿಲ್ಟರ್ ನೀರಿನಲ್ಲಿ ಬೇಯಿಸಿ. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಬೇಗ ಬೇಯುವುದು ನಿಜ, ಆದರೆ ಅದು ಬಿ1 ಜೀವಸತ್ವವನ್ನು ಕೆಡಿಸುತ್ತದೆ, ಸೊಪ್ಪನ್ನು ಲೋಳೆಯಾಗಿಸುತ್ತದೆ. ಹುಣಸೆಹಣ್ಣು, ಟೊಮೊಟೊ ಮೊದಲೇ ಬಿದ್ದರೂ ಕಾಳು ಬೇಯದೆ ಹಟ ಮಾಡುತ್ತದೆ.

ಬೆಂದದ್ದನ್ನು ಜರಡಿಗೆ ಸುರಿದು ಕಟ್ಟು ಬಸಿಯಿರಿ. ಸುಮಾರು ನಾಲ್ಕು ಲೋಟ ಬರಬೇಕು. ಕಡಿಮೆಯಾದರೆ ಬಿಸಿನೀರು ಕೂಡಿಸಿ. ಒತ್ತಿ ಹಿಂಡಬೇಡಿ, ಪಲ್ಯ ಹೊಟ್ಟಿನಂತಾಗುತ್ತದೆ.

ಖಾರ

ಒಂದು ಚಮಚ ಎಣ್ಣೆಯಲ್ಲಿ ಎರಡು ದೊಡ್ಡ ಚಮಚ ಕೊತ್ತಂಬರಿ ಬೀಜ, ಒಂದು ಚಮಚ ಜೀರಿಗೆ, ಎಂಟು ಕಾಳುಮೆಣಸು, ನಾಲ್ಕು ಬ್ಯಾಡಗಿ ಮತ್ತು ಎರಡು ಗುಂಟೂರು ಮೆಣಸಿನಕಾಯಿ ಹುರಿಯಿರಿ. ಘಮ ಬಂದ ಕೂಡಲೇ ಹೆಚ್ಚಿದ ಒಂದು ಈರುಳ್ಳಿ, ಹತ್ತು ಎಸಳು ಬೆಳ್ಳುಳ್ಳಿ. ಈರುಳ್ಳಿಯ ಅಂಚು ಕೆಂಪಾದರೆ ಸಾಕು. ಮೆಣಸಿನಕಾಯಿ ಕಪ್ಪಾದರೆ ಸಾರು ಕಹಿ. ಅದನ್ನು ಸರಿಪಡಿಸಲು ಬೆಲ್ಲ ಹಾಕುವವರಿದ್ದಾರೆ, ಕಹಿ ಹೋಗುವುದಿಲ್ಲ, ಸಿಹಿ ಮಾತ್ರ ಬರುತ್ತದೆ. ಹೊಸದಾಗಿ ಹುರಿಯುವುದೇ ದಾರಿ.

ಇದಕ್ಕೆ ನಾಲ್ಕು ದೊಡ್ಡ ಚಮಚ ತೆಂಗಿನತುರಿ, ಗೋಲಿ ಗಾತ್ರದ ಹುಣಸೆಹಣ್ಣು, ಕೊನೆಗೆ ಜರಡಿಯಿಂದ ಎರಡು ಸೌಟು ಬೆಂದ ಸೊಪ್ಪು-ಕಾಳು ಹಾಕಿ ನುಣ್ಣಗೆ ರುಬ್ಬಿ. ಈ ಎರಡು ಸೌಟು ಬಿಟ್ಟರೆ ಬಸ್ಸಾರು ತಿಳಿನೀರಾಗಿ ಮುದ್ದೆಗೆ ಅಂಟುವುದೇ ಇಲ್ಲ. ಅದನ್ನು ಮರೆತವರು ಗಟ್ಟಿ ಬರಲೆಂದು ಅರ್ಧ ಹೋಳು ಕಾಯಿ ರುಬ್ಬಿ ಹಾಕುತ್ತಾರೆ. ಆಗ ಅದು ಕಾಯಿಸಾರು, ಬಸ್ಸಾರಲ್ಲ, ಹೊಟ್ಟೆಗೂ ಭಾರ.

ಒಂದೂವರೆ ಚಮಚ ಎಣ್ಣೆಯಲ್ಲಿ ಸಾಸಿವೆ, ಕರಿಬೇವು, ಜಜ್ಜಿದ ನಾಲ್ಕು ಎಸಳು ಬೆಳ್ಳುಳ್ಳಿಯ ಒಗ್ಗರಣೆ ಮಾಡಿ ಖಾರವನ್ನು ಎರಡು ನಿಮಿಷ ಬಾಡಿಸಿ ಕಟ್ಟು ಹೊಯ್ಯಿರಿ. ಹಸಿ ವಾಸನೆ ಹೋಗುವವರೆಗೆ ಏಳೆಂಟು ನಿಮಿಷ ಕುದಿಯಲಿ. ಉಪ್ಪನ್ನು ರುಚಿ ನೋಡಿಯೇ ಹಾಕಿ, ಕಟ್ಟಿನಲ್ಲಿ ಆಗಲೇ ಇದೆ.

ಪಲ್ಯಕ್ಕೆ ಹೇಳುವಂಥದ್ದೇನಿಲ್ಲ. ಒಂದೂವರೆ ಚಮಚ ಎಣ್ಣೆ, ಸಾಸಿವೆ, ಎರಡು ಒಣಮೆಣಸಿನಕಾಯಿ, ಒಂದು ಈರುಳ್ಳಿ, ಬಸಿದ ಸೊಪ್ಪು-ಕಾಳು, ಮೇಲೆ ಒಂದು ಹಿಡಿ ಕಾಯಿತುರಿ. ಒಲೆ ಆರಿಸಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ. ಸೊಪ್ಪಿನ ಕಬ್ಬಿಣ ಮೈಗೆ ಹತ್ತಲು ಸಿ ಜೀವಸತ್ವ ಬೇಕು, ಅದು ಬೆಂಕಿಯ ಮೇಲೆ ಬೇಗ ಹಾಳಾಗುತ್ತದೆ. ಇದಕ್ಕೆ ಸೇರಿದ ಇನ್ನೊಂದು ಮಾತು: ಊಟ ಮುಗಿದ ಕೂಡಲೇ ಕಾಫಿ ಕುಡಿದರೆ ಆ ಕಬ್ಬಿಣ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಚಿಕ್ಕಮಗಳೂರಿನಲ್ಲಿ ಇದನ್ನು ಹೇಳಿದರೆ ಕೇಳುವವರು ಯಾರು! ಆದರೂ ಒಂದು ಗಂಟೆ ಬಿಟ್ಟು ಕುಡಿಯುವುದು ಒಳ್ಳೆಯದು.

ಕಿಡ್ನಿಯಲ್ಲಿ ಆಕ್ಸಲೇಟ್ ಕಲ್ಲು ಆಗಿದೆ ಎಂದು ಡಾಕ್ಟರು ಹೇಳಿದವರಿಗೆ ದಂಟು, ಪಾಲಕ್ಕಿನ ಕಟ್ಟು ಬೇಡ. ಸೊಪ್ಪಿನ ಆಕ್ಸಲೇಟ್ ಕೂಡ ಅದೇ ನೀರಿಗೆ ಇಳಿದಿರುತ್ತದೆ. ಅಂಥ ಮನೆಯಲ್ಲಿ ಎಲೆಕೋಸು ಹಾಕಿ ಇದೇ ಕ್ರಮದಲ್ಲಿ ಮಾಡಿ, ಕೋಸಿನ ಬಸ್ಸಾರೂ ಚೆನ್ನಾಗಿಯೇ ಇರುತ್ತದೆ.

ಮುದ್ದೆ

100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿ ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಹೊಸಬರು ಮುದ್ದೆಗೆ ಹೆದರುವುದು ಗಂಟಿಗೆ.

ನಾಲ್ಕು ಲೋಟ ನೀರು ಎಸರಿಡಿ. ತಣ್ಣೀರಿನಲ್ಲಿ ಒಂದು ದೊಡ್ಡ ಚಮಚ ಹಿಟ್ಟು ಕದಡಿ ಎಸರಿಗೆ ಹಾಕುವುದಕ್ಕೆ ಮುಂಚೆ, ಕುದಿಯುವ ನೀರಿನಿಂದ ಅರ್ಧ ಲೋಟ ಬೇರೆ ತೆಗೆದಿಟ್ಟುಕೊಳ್ಳಿ. ಕದಡಿದ ಹಿಟ್ಟು ಹೊಯ್ದು ಅಂಬಲಿಯ ಹಾಗೆ ಉಕ್ಕಿ ಬಂದಾಗ ಎರಡು ಲೋಟ ರಾಗಿ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಿರಿ. ಈಗ ಕೈ ಹಾಕಬೇಡಿ. ಕೋಲಿನ ತುದಿಯಿಂದ ಗುಡ್ಡೆಗೆ ನಾಲ್ಕೈದು ತೂತು ಮಾಡಿ, ಸಣ್ಣ ಉರಿಯಲ್ಲಿ ಐದು ನಿಮಿಷ ಬಿಡಿ. ಎಸರು ತೂತಿನಿಂದ ಉಕ್ಕಿ ಹಿಟ್ಟಿನ ಮೇಲೆ ಹರಿದು ಒಳಗೆ ಬೇಯಿಸುತ್ತದೆ. ಹಿಟ್ಟು ಹಾಕಿದ ಕೂಡಲೇ ತಿರುವಿದರೆ ಹೊರಪದರ ಬೆಂದು ಒಳಗೆ ಒಣ ಹಿಟ್ಟು ಸಿಕ್ಕಿಕೊಳ್ಳುತ್ತದೆ. ಗಂಟು ಎಂದರೆ ಅದೇ.

ಆಮೇಲೆ ಪಾತ್ರೆ ಕೆಳಗಿಳಿಸಿ, ಅಲ್ಲಾಡದಂತೆ ಹಿಡಿದು, ಕೋಲಿನಿಂದ ಪಾತ್ರೆಯ ಗೋಡೆಗೆ ಒತ್ತಿ ಒತ್ತಿ ತೊಳಸಿ. ಗಟ್ಟಿ ಎನಿಸಿದರೆ ತೆಗೆದಿಟ್ಟ ಬಿಸಿನೀರನ್ನು ಒಂದೊಂದು ಚಮಚ ಚಿಮುಕಿಸಿ. ತಣ್ಣೀರು ಬಿದ್ದರೆ ಬೇರೆ ಬೇರೆಯಾಗಿ ಜಾರುತ್ತದೆ. ಮತ್ತೆ ಮುಚ್ಚಿ ಮೂರು ನಿಮಿಷ ಸಣ್ಣ ಉರಿಯಲ್ಲಿ ಹಬೆಗಿಡಿ. ಒದ್ದೆ ಬೆರಳಿನಿಂದ ಮುಟ್ಟಿದಾಗ ಅಂಟದಿದ್ದರೆ ಬೆಂದಿದೆ. ತೇವ ಮಾಡಿದ ಮಣೆಯ ಮೇಲೆ ಬಿಸಿ ಇರುವಾಗಲೇ ಉಂಡೆ ಕಟ್ಟಿ. ಹಲ್ಲಿಗೆ ಅಂಟುವ ಮುದ್ದೆ ಬೆಂದಿಲ್ಲ, ಕಟ್ಟುವಾಗ ಬಿರಿಯುವ ಮುದ್ದೆಗೆ ನೀರು ಸಾಲಲಿಲ್ಲ.

ಮಲೆನಾಡಿನ ಮನೆಗೆ

ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಅಕ್ಕಿಯದೇ ಕಾರುಬಾರು. ಬಸ್ಸಾರು ಅನ್ನಕ್ಕೂ ಹೊಂದುತ್ತದೆ, ಹೆಸರುಕಾಳಿನ ಬದಲು ಮೊಳಕೆ ಹುರುಳಿ ಹಾಕಿದರಂತೂ ಇನ್ನೂ ಚೆನ್ನ. ಆದರೆ ಮಳೆಗಾಲದಲ್ಲಿ ಮೊಳಕೆಗೆ ಎರಡು ದಿನ ಬೇಕು. ಹತ್ತು ಗಂಟೆ ನೆನೆಸಿ, ನೀರು ಪೂರ್ತಿ ಬಸಿದು, ತೆಳು ಬಟ್ಟೆಯಲ್ಲಿ ಕಟ್ಟಿ ಒಲೆಯ ಹತ್ತಿರ ಇಡಿ. ದಿನಕ್ಕೆರಡು ಸಲ ತೊಳೆದು ಮತ್ತೆ ಕಟ್ಟಿ. ಲೋಳೆಯಾಗಿ ಹುಳಿ ವಾಸನೆ ಬಂದರೆ ಎಸೆಯಿರಿ, ತೊಳೆದು ಬಳಸಬೇಡಿ.

ಬೇಸಿಗೆಯಲ್ಲಿ ಸಾರಿನ ಬದಲು ತಂಬುಳಿ. ಒಂದು ಹಿಡಿ ಒಂದೆಲಗವನ್ನು ಅರ್ಧ ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸಿನ ಜೊತೆ ಬಾಡಿಸಿ, ಮೂರು ದೊಡ್ಡ ಚಮಚ ಕಾಯಿತುರಿಯೊಂದಿಗೆ ರುಬ್ಬಿ, ಎರಡು ಲೋಟ ಮಜ್ಜಿಗೆಗೆ ಕಲಸಿದರೆ ಮುಗಿಯಿತು. ಕುದಿಸುವಂತಿಲ್ಲ, ಒಡೆಯುತ್ತದೆ. ಬಿಸಿ ಅರಪ್ಪನ್ನು ಆರಿಸದೆ ಬೆರೆಸಿದರೂ ಒಡೆಯುತ್ತದೆ.

ಉಳಿದದ್ದು

ಬಸ್ಸಾರು ಮಾರನೆಯ ದಿನವೇ ಹೆಚ್ಚು ರುಚಿ ಎನ್ನುವುದು ಸುಳ್ಳಲ್ಲ. ಬೆಳ್ಳುಳ್ಳಿಯ ಖಾರ ಇಳಿದು ಹುಳಿ ಹದವಾಗಿರುತ್ತದೆ. ಆದರೆ ಬಿಸಿ ಆರಿದ ಕೂಡಲೇ ಫ್ರಿಜ್ಜಿಗಿಟ್ಟು, ಮರುದಿನ ಬೇಕಾದಷ್ಟನ್ನೇ ತೆಗೆದು ಚೆನ್ನಾಗಿ ಕುದಿಸಿ. ಇಡೀ ಪಾತ್ರೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ. ಕಾಳು-ಸೊಪ್ಪಿನ ಪಲ್ಯ ಮಾತ್ರ ಬೇಗ ಹಳಸುತ್ತದೆ, ಕಾಯಿತುರಿ ಬಿದ್ದಿರುವುದರಿಂದ.

ಉಳಿದ ಒಂದು ಲೋಟ ಪಲ್ಯಕ್ಕೆ ಒಂದು ಲೋಟ ಅಕ್ಕಿ ಹಿಟ್ಟು, ಹಿಚುಕಿದ ಅರ್ಧ ಲೋಟ ಅನ್ನ ಸೇರಿಸಿ ಬಿಸಿನೀರಿನಲ್ಲಿ ಮೆತ್ತಗೆ ಕಲಸಿ. ಅನ್ನ ಇದ್ದರೆ ರೊಟ್ಟಿ ಬೆಳಗಿನ ಡಬ್ಬಿಯಲ್ಲಿ ಮಧ್ಯಾಹ್ನದವರೆಗೂ ಒಣಗುವುದಿಲ್ಲ. ಬಾಳೆಲೆಯ ಮೇಲೆ ತಟ್ಟಿ, ಎಲೆಯ ಸಮೇತ ಕಾದ ಹೆಂಚಿಗೆ ಕವುಚಿ ಹಾಕಿ. ಅರ್ಧ ನಿಮಿಷಕ್ಕೆ ಎಲೆ ಬಾಡುತ್ತದೆ, ಆಗ ಸುಲಿದುಕೊಳ್ಳಿ. ಮೊದಲೇ ಎಳೆದರೆ ರೊಟ್ಟಿಯೂ ಎಲೆಯ ಜೊತೆ ಬರುತ್ತದೆ.