ಬಿಡಿಸದೆಯೇ ತೀರ್ಮಾನ: ಇಂಪ್ರಾಪರ್ ಇಂಟಿಗ್ರಲ್‌ ಪಾಠದಲ್ಲಿ ನನ್ನ ಅನುಭವ

ಮಿತಿ ಅನಂತಕ್ಕೆ ಹೋಗುವ, ಇಲ್ಲವೇ ಯಾವುದೋ ಬಿಂದುವಿನಲ್ಲಿ ಫಂಕ್ಷನ್ನೇ ಅನಂತಕ್ಕೆ ಚಿಮ್ಮುವ ಇಂಟಿಗ್ರಲನ್ನು ಇಂಪ್ರಾಪರ್ ಎನ್ನುತ್ತೇವೆ. ಅದು ಅಭಿಸರಿಸುತ್ತದೆಯೋ (ಒಂದು ಸೀಮಿತ ಬೆಲೆಗೆ ನೆಲೆಗೊಳ್ಳುತ್ತದೆಯೋ) ಅಪಸರಿಸುತ್ತದೆಯೋ (ನೆಲೆಗೊಳ್ಳುವುದಿಲ್ಲವೋ) ಎಂದು ಹೇಳಲು ಅದನ್ನು ಬಿಡಿಸಲೇಬೇಕಾಗಿಲ್ಲ ಎಂದು ನಾನು ಜ್ಯಾಮ್ (ಐಐಟಿಗಳ ಎಂಎಸ್ಸಿ ಪ್ರವೇಶ ಪರೀಕ್ಷೆ) ಮತ್ತು ಕೆಸೆಟ್ (ರಾಜ್ಯದ ಸಹಾಯಕ ಪ್ರಾಧ್ಯಾಪಕರ ಅರ್ಹತಾ ಪರೀಕ್ಷೆ) ತರಗತಿಗಳಲ್ಲಿ ಪಾಠ ಆರಂಭಿಸಿದಾಗ, ಜೊತೆಯ ಅಧ್ಯಾಪಕರೇ ಇದು ಅಂದಾಜಿನ ಲೆಕ್ಕ, ಉತ್ತರ ಬರೆಯುವ ಪರೀಕ್ಷೆಗಳಲ್ಲಿ ಮೌಲ್ಯಮಾಪಕರು ಒಪ್ಪುವುದಿಲ್ಲ ಎಂದು ತಳ್ಳಿಹಾಕಿದ್ದರು. ಈಗ ಅವರಲ್ಲಿ ಕೆಲವರು ನನ್ನ ಟಿಪ್ಪಣಿಯ ಜೆರಾಕ್ಸ್ ತರಿಸಿಕೊಳ್ಳುತ್ತಿರುವುದರಿಂದ, ವಿಧಾನವನ್ನು ಬರೆದಿಡಬಹುದು ಎನಿಸಿತು.

ಇದಕ್ಕೂ ಮೊದಲು ಕಂಪ್ಯೂಟರನ್ನು ನಂಬಿ, ಸಾಫ್ಟ್‌ವೇರ್ ಪರವಾನಗಿಗೆ ಎಂಟು–ಹತ್ತು ಸಾವಿರ ರೂಪಾಯಿ ಸುರಿದಿದ್ದೆ. ಛೇದದಲ್ಲಿ ಎಕ್ಸ್ ಮತ್ತು ಲಾಗ್ ಎಕ್ಸ್‌ಗಳ ಗುಣಲಬ್ಧವಿರುವ ಇಂಟಿಗ್ರಲ್ ಒಂದೇ ಆ ಹಣವನ್ನು ನೀರುಪಾಲು ಮಾಡಿತು. 2ರಿಂದ ಹತ್ತು ಲಕ್ಷದವರೆಗೆ ಅದರ ಬೆಲೆ ಸುಮಾರು 3; ಲಕ್ಷ ಕೋಟಿಯವರೆಗೆ ಹೋದರೂ 3.7, ಒಂದರ ಮುಂದೆ ನೂರು ಸೊನ್ನೆಗಳಿರುವ ಸಂಖ್ಯೆಯವರೆಗೆ ಹೋದರೂ 5.8ರ ಆಸುಪಾಸು. ನಕ್ಷೆಯನ್ನು ನೋಡಿದ ಯಾವ ವಿದ್ಯಾರ್ಥಿಯೂ ಅದು ಅಪಸರಿಸುತ್ತದೆ ಎನ್ನಲಾರ, ಆದರೆ ಅದು ಅಪಸರಿಸುತ್ತದೆ. ಮರುವರ್ಷ ಪರವಾನಗಿಯನ್ನು ನವೀಕರಿಸಲಿಲ್ಲ.

ನನ್ನ ವಿಧಾನದಲ್ಲಿ ಮೊದಲು ತಕರಾರಿನ ಬಿಂದುಗಳನ್ನು (ಅನಂತ, ಮತ್ತು ಫಂಕ್ಷನ್ ಅನಂತಕ್ಕೆ ಚಿಮ್ಮಬಹುದಾದ ಜಾಗಗಳು) ಮಾತ್ರ ಗುರುತಿಸಿ, ಇಂಟಿಗ್ರಲನ್ನು ಅಲ್ಲಲ್ಲೇ ಕತ್ತರಿಸಿ, ಪ್ರತಿ ತುಂಡಿನಲ್ಲೂ ಫಂಕ್ಷನ್ ಆ ಬಿಂದುವಿನ ಬಳಿ ಎಕ್ಸ್‌ನ ಯಾವ ಘಾತದಂತೆ ನಡೆದುಕೊಳ್ಳುತ್ತದೆ ಎಂಬುದನ್ನಷ್ಟೇ ನೋಡಬೇಕು. ಅಂಶದಲ್ಲಿ 1 − ಕಾಸ್ ಎಕ್ಸ್, ಛೇದದಲ್ಲಿ ಎಕ್ಸ್‌ನ ಪಿ ಘಾತವಿದ್ದು, ಮಿತಿಗಳು ಸೊನ್ನೆಯಿಂದ ಅನಂತದವರೆಗೆ ಇವೆಯೆನ್ನಿ. ಸೊನ್ನೆಯ ಬಳಿ ಅಂಶವು ಎಕ್ಸ್ ವರ್ಗದ ಅರ್ಧದಂತಿರುವುದರಿಂದ ಛೇದದಲ್ಲಿ ಪಿ − 2 ಘಾತ ಉಳಿಯುತ್ತದೆ. ಸೊನ್ನೆಯ ಬಳಿ ಅಭಿಸರಿಸಲು ಆ ಘಾತ 1ಕ್ಕಿಂತ ಕಡಿಮೆಯಿರಬೇಕು, ಅಂದರೆ ಪಿ 3ಕ್ಕಿಂತ ಕಡಿಮೆ. ಅನಂತದಲ್ಲಿ ಕಾಸ್ ಭಾಗ ತಾನಾಗಿಯೇ ಸಂಭಾಳಿಸಿಕೊಳ್ಳುತ್ತದೆ, ಉಳಿದ 1ರ ಭಾಗಕ್ಕೆ ಪಿ 1ಕ್ಕಿಂತ ಹೆಚ್ಚಿರಬೇಕು. ಪಿ 1 ಮತ್ತು 3ರ ನಡುವೆ ಇದ್ದರೆ ಅಭಿಸರಣ, ಮುಗಿಯಿತು. ಉತ್ತರ ಬರೆಯುವ ಪರೀಕ್ಷೆಗಳಲ್ಲಿ ಲಿಮಿಟ್ ಕಂಪ್ಯಾರಿಸನ್‌ನ (ಎರಡು ಫಂಕ್ಷನ್‌ಗಳ ಅನುಪಾತದ ಲಿಮಿಟ್ ನೋಡಿ ಹೋಲಿಸುವ ಪರೀಕ್ಷೆಯ) ಒಂದು ಸಾಲು ಬರೆದು, ಸೊನ್ನೆಯ ಬಳಿ ಆ ಲಿಮಿಟ್ ಅರ್ಧ ಎಂದು ತೋರಿಸಿದರೆ ಯಾವ ಮೌಲ್ಯಮಾಪಕರೂ ಅಂಕ ಕತ್ತರಿಸಿದ್ದನ್ನು ನಾನು ಕಂಡಿಲ್ಲ. ನನ್ನ ಬ್ಯಾಚಿನ ಹುಡುಗಿಯೊಬ್ಬಳು ಇಂಥದ್ದನ್ನು ಒಂದೂವರೆ ನಿಮಿಷದಲ್ಲಿ ಮುಗಿಸುತ್ತಾಳೆ. ತಪ್ಪು ಆಯ್ಕೆಗೆ ಅಂಕ ಕಳೆಯುವ ಜ್ಯಾಮ್‌ನಂಥ ಪರೀಕ್ಷೆಯಲ್ಲಿ ಅದರ ಬೆಲೆ ಏನೆಂದು ನಿಮಗೆ ಗೊತ್ತು.

ಲಾಗ್ ಎರಡು ಮೂರು ಪದರಗಳಲ್ಲಿ ಬಂದಾಗ ನಾನು ಮಾಡುವ ಆದೇಶವೊಂದಿದೆ (ಸಬ್‌ಸ್ಟಿಟ್ಯೂಷನ್, ಅಂದರೆ ಚರದ ಬದಲಾವಣೆ); ಅದು ಶುಲ್ಕ ಕೊಟ್ಟು ಕೂತವರಿಗೆ ಮೀಸಲು.

ನಡುವೆ ಒಂದು ಚಪಲಕ್ಕೆ, ಅಂಶದಲ್ಲಿ ಎಕ್ಸ್, ಛೇದದಲ್ಲಿ 1 + ಎಕ್ಸ್‌ನ 6ನೇ ಘಾತ ಗುಣಿಸು ಸೈನ್ ವರ್ಗ ಎಕ್ಸ್ ಇರುವ ಇಂಟಿಗ್ರಲನ್ನು ಪರೀಕ್ಷಿಸಿದೆ. ಪೈನ ಪ್ರತಿ ಪೂರ್ಣಾಂಕ ಗುಣಿತದಲ್ಲೂ (ಪೈ, 2 ಪೈ, 3 ಪೈ…) ಫಂಕ್ಷನ್ ಎಕ್ಸ್‌ನಷ್ಟೇ ಎತ್ತರಕ್ಕೆ ಚಿಮ್ಮುತ್ತದೆ, ಅದಕ್ಕೆ ಮೇಲ್ಮಿತಿಯೇ ಇಲ್ಲ, ಆದರೂ ಇಂಟಿಗ್ರಲ್ ಅಭಿಸರಿಸುತ್ತದೆ: ಎನ್‌ನೇ ಶಿಖರದ ಎತ್ತರ ಎನ್‌ಗೆ ಅನುಪಾತದಲ್ಲಿದ್ದರೆ, ಅಗಲ ಎನ್ ಘನದಿಂದ ಭಾಗಿಸಿದಷ್ಟು ಕಿರಿದಾಗುತ್ತದೆ.

ಚಿಹ್ನೆ ಬದಲಾಗುತ್ತಿರುವ ಫಂಕ್ಷನ್‌ಗಳಿಗೆ ಮಾತ್ರ ಈ ವಿಧಾನವನ್ನು ಕಣ್ಣುಮುಚ್ಚಿ ಹಚ್ಚಬಾರದು. ಅಂಶದಲ್ಲಿ ಸೈನ್ ಎಕ್ಸ್, ಛೇದದಲ್ಲಿ ಎಕ್ಸ್‌ನ ವರ್ಗಮೂಲವಷ್ಟೇ ಇದ್ದರೆ ಡಿರಿಚ್ಲೆಟ್ ಟೆಸ್ಟ್ (ಒಂದು ಭಾಗ ಏರಿಳಿದು ರದ್ದಾಗುತ್ತಾ, ಇನ್ನೊಂದು ಒಂದೇ ಸಮನೆ ಸೊನ್ನೆಗಿಳಿದರೆ ಅಭಿಸರಣ ಎನ್ನುವ ನಿಯಮ) ಪ್ರಕಾರ ಅನಂತದಲ್ಲಿ ಅಭಿಸರಣವಿದೆ. ಆ ಛೇದಕ್ಕೆ ಸೈನ್ ಎಕ್ಸ್ ಕೂಡಿಸಿ. ಎರಡು ಫಂಕ್ಷನ್‌ಗಳ ಅನುಪಾತ 1ಕ್ಕೇ ಹೋಗುತ್ತದೆ, ಆದರೂ ಎರಡನೆಯದು ಅಪಸರಿಸುತ್ತದೆ. ವಿಸ್ತರಿಸಿದಾಗ ಎರಡನೆಯ ಪದದಲ್ಲಿ ಸೈನ್ ವರ್ಗವನ್ನು ಎಕ್ಸ್‌ನಿಂದ ಭಾಗಿಸಿದ್ದು ಸಿಗುತ್ತದೆ, ಅದರ ಚಿಹ್ನೆ ಬದಲಾಗುವುದೇ ಇಲ್ಲ. ಇಂಥಲ್ಲಿ ಮೊದಲ ಪದಕ್ಕೆ ನಿಲ್ಲದೆ, ಉಳಿದದ್ದು ನಿರಪೇಕ್ಷವಾಗಿ (ಚಿಹ್ನೆ ತೆಗೆದರೂ) ಅಭಿಸರಿಸುವವರೆಗೂ ಪದಗಳನ್ನು ಬಿಡಿಸುತ್ತಾ ಹೋಗುತ್ತೇನೆ.