ಲಂಡನ್ನಿನ ರಂಗಮಂದಿರಗಳ ಬೀಡಾದ ವೆಸ್ಟ್ ಎಂಡ್‌ನಲ್ಲಿ ನಾಟಕ ನೋಡಲು ಹೊರಟಿದ್ದೀರಾ? ಸೀಟು ನೋಡಿ, ಆಮೇಲೆ ದುಡ್ಡು ಕೊಡಿ

ಲಂಡನ್ನಿಗೆ ಬಂದ ಮೊದಲ ವರ್ಷ ಅಮ್ಮನನ್ನು ಒಂದು ದೊಡ್ಡ ಸಂಗೀತ ನಾಟಕಕ್ಕೆ ಕರೆದುಕೊಂಡು ಹೋಗಿದ್ದೆ. ನೆಲಮಟ್ಟದ ಸೀಟು, ಹಿಂದಿನಿಂದ ಎರಡನೇ ಸಾಲು. ಟಿಕೆಟ್ಟೇನೂ ಅಗ್ಗದ್ದಲ್ಲ. ಮುಖ್ಯ ದೃಶ್ಯದಲ್ಲಿ ನಾಯಕಿ ಎತ್ತರದ ಮೆಟ್ಟಿಲ ತುದಿಯಲ್ಲಿ ನಿಂತು ಹಾಡಿದಳು. ನಮಗೆ ಕಂಡದ್ದು ಅವಳ ಲಂಗದ ಅಂಚು ಮತ್ತು ಕೆಂಪು ಬೂಟು. ಮಿಕ್ಕಿದ್ದನ್ನೆಲ್ಲ ನಮ್ಮ ತಲೆಯ ಮೇಲೆ ಚಾಚಿಕೊಂಡಿದ್ದ ಮಹಡಿಯ ತಳ ಮುಚ್ಚಿಬಿಟ್ಟಿತ್ತು. ಅಮ್ಮ ಬಗ್ಗಿ ಬಗ್ಗಿ ನೋಡಿ ಸಾಕಾಗಿ, ಕಣ್ಣು ಮುಚ್ಚಿಕೊಂಡು ಹಾಡು ಕೇಳಿದಳು. ಆ ಬೇಸರ ನನಗೆ ಇನ್ನೂ ಹೋಗಿಲ್ಲ. ಹೊಸದಾಗಿ ಬಂದ ನಿಮಗೆ ಹಾಗಾಗಬಾರದು.

ಇಲ್ಲಿನ ಬಹುಪಾಲು ರಂಗಮಂದಿರಗಳು ನೂರು ವರ್ಷಕ್ಕಿಂತ ಹಳೆಯವು. ಇಕ್ಕಟ್ಟಾದ ಜಾಗದಲ್ಲಿ ಮಹಡಿಯ ಮೇಲೆ ಮಹಡಿ ಏರಿಸಿದ್ದಾರೆ. ಕೆಳಗಿನದು ಸ್ಟಾಲ್ಸ್. ಅದರ ಮೇಲೆ ಡ್ರೆಸ್ ಸರ್ಕಲ್, ಕೆಲವು ಕಡೆ ಇದಕ್ಕೆ ರಾಯಲ್ ಸರ್ಕಲ್ ಎನ್ನುತ್ತಾರೆ. ಅದರ ಮೇಲೆ ಅಪ್ಪರ್ ಅಥವಾ ಗ್ರ್ಯಾಂಡ್ ಸರ್ಕಲ್, ಕೆಲವು ಕಡೆ ತುತ್ತತುದಿಗೆ ಬಾಲ್ಕನಿ. ಊರಿನ ಟಾಕೀಸಿನ ಲೆಕ್ಕದಲ್ಲಿ ಬಾಲ್ಕನಿ ಎಂದರೆ ಒಳ್ಳೆಯ ಸೀಟು ಅಂದುಕೊಳ್ಳಬೇಡಿ. ಇಲ್ಲಿ ಅದು ಅಗ್ಗದ ಜಾಗ: ಕಡಿದಾದ ಮೆಟ್ಟಿಲು, ಕಾಲು ಚಾಚಲು ಆಗುವುದಿಲ್ಲ, ನಟರ ನೆತ್ತಿ ಕಾಣುತ್ತದೆ.

ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಡ್ರೆಸ್ ಸರ್ಕಲ್‌ನ ಮುಂದಿನ ಮೂರು ನಾಲ್ಕು ಸಾಲು, ನಡುಭಾಗ. ಇಡೀ ರಂಗ ಒಂದೇ ನೋಟಕ್ಕೆ ಸಿಗುತ್ತದೆ, ನೃತ್ಯದ ವಿನ್ಯಾಸ ಕಾಣುತ್ತದೆ, ಮುಂದಿನವರ ತಲೆ ಅಡ್ಡ ಬರುವುದು ಕಡಿಮೆ. ಎರಡನೇ ಸಲ ಅಮ್ಮ ಬಂದಾಗ ಅಲ್ಲೇ ಕೂರಿಸಿದ್ದೆ. ಇಂಟರ್ವಲ್‌ನಲ್ಲಿ ಅವಳು ಏಳಲೇ ಇಲ್ಲ. ರಂಗದ ಮುಂದಿನ ತಗ್ಗಿನಲ್ಲಿ ಪಿಟೀಲಿನವರು ಶ್ರುತಿ ಮಾಡಿಕೊಳ್ಳುವುದನ್ನೇ ನೋಡುತ್ತ ಕೂತಿದ್ದಳು. ಸ್ಟಾಲ್ಸ್ ಬೇಕೆಂದರೆ ಐದರಿಂದ ಹನ್ನೆರಡನೇ ಸಾಲಿನ ನಡುಭಾಗ ಹುಡುಕಿ. ತೀರ ಮುಂದೆ ಕೂತರೆ ಕತ್ತು ಎತ್ತಿಯೇ ನೋಡಬೇಕು, ಎಷ್ಟೋ ಕಡೆ ನಟರ ಪಾದ ಕಾಣುವುದಿಲ್ಲ. ತೀರ ಹಿಂದೆ ಕೂತರೆ ನನಗಾದದ್ದೇ ನಿಮಗೂ.

ಆದರೆ ನಾಟಕ ಏನನ್ನು ತೋರಿಸುತ್ತದೆ ಎಂಬುದರ ಮೇಲೆ ಯಾವ ಸೀಟು ಒಳ್ಳೆಯದು ಎಂಬುದೇ ಬದಲಾಗುತ್ತದೆ. ಹಿಸ್ ಮೆಜೆಸ್ಟೀಸ್ ಥಿಯೇಟರ್‌ನಲ್ಲಿ 1986ರಲ್ಲಿ ಶುರುವಾದ 'ದ ಫ್ಯಾಂಟಮ್ ಆಫ್ ದ ಓಪೆರಾ'ದಲ್ಲಿ ದೊಡ್ಡ ತೂಗುದೀಪ ಪ್ರೇಕ್ಷಕರ ತಲೆಯ ಮೇಲಕ್ಕೇರುತ್ತದೆ. ಸ್ಟಾಲ್ಸ್‌ನ ಹಿಂಭಾಗದಲ್ಲಿ, ಮಹಡಿಯ ಅಡಿಯಲ್ಲಿ ಕೂತವರಿಗೆ ಆ ನೋಟ ತಪ್ಪುತ್ತದೆ. ಲೈಸಿಯಮ್‌ನಲ್ಲಿ 1999ರಿಂದ ಆಡುತ್ತಿರುವ 'ದ ಲಯನ್ ಕಿಂಗ್' ಇದಕ್ಕೆ ತದ್ವಿರುದ್ಧ. ಮೊದಲ ಹಾಡಿನಲ್ಲೇ ಪ್ರಾಣಿಗಳು ಸ್ಟಾಲ್ಸ್‌ನ ನಡುದಾರಿಯಲ್ಲಿ ನಡೆದು ಬರುತ್ತವೆ. ಮಕ್ಕಳಿದ್ದರೆ ದಾರಿಯ ಪಕ್ಕದ ಸೀಟಿಗೆ ಸ್ವಲ್ಪ ಹೆಚ್ಚು ದುಡ್ಡು ಕೊಟ್ಟರೂ ನಷ್ಟವಿಲ್ಲ.

ಸೀಟಿಗೆ 'ರಿಸ್ಟ್ರಿಕ್ಟೆಡ್ ವ್ಯೂ', ಅಂದರೆ ನೋಟಕ್ಕೆ ಅಡ್ಡಿ ಇದೆ ಎಂದು ಬರೆದಿದ್ದರೆ ಕಾರಣ ಓದಿ. ಕಂಬ ಅಡ್ಡ ಇದ್ದರೆ ಬೇಡವೇ ಬೇಡ. ಎದುರಿನ ಕಂಬಿ ಸ್ವಲ್ಪ ಅಡ್ಡ ಬರುತ್ತದೆ ಅಷ್ಟೇ ಎಂದಾದರೆ ಎಷ್ಟೋ ಸಲ ಅದೇ ಒಳ್ಳೆಯ ವ್ಯಾಪಾರ. ಸೀಟ್‌ಪ್ಲ್ಯಾನ್ ಎಂಬ ತಾಣದಲ್ಲಿ ಪ್ರೇಕ್ಷಕರು ತಾವು ಕೂತ ಸೀಟಿನಿಂದ ತೆಗೆದ ಫೋಟೋ ಹಾಕಿರುತ್ತಾರೆ. ಸಾಲಿನ ಅಕ್ಷರ, ಸೀಟಿನ ನಂಬರ್ ಇಟ್ಟುಕೊಂಡು ಐದು ನಿಮಿಷ ಅಲ್ಲಿ ನೋಡಿ, ಆಮೇಲೆ ಕಾರ್ಡ್ ತೆಗೆಯಿರಿ.

ಟಿಕೆಟ್ಟನ್ನು ಮೊದಲು ಆ ರಂಗಮಂದಿರದ್ದೇ ವೆಬ್‌ಸೈಟಿನಲ್ಲಿ ಹುಡುಕಿ. ಗೂಗಲ್‌ನಲ್ಲಿ ಮೇಲೆ ಬರುವುದು ಅನೇಕ ಸಲ ಜಾಹೀರಾತು. ಅಲ್ಲಿ ಅದೇ ಸೀಟಿಗೆ ಶುಲ್ಕದ ಮೇಲೆ ಶುಲ್ಕ ಸೇರಿರುತ್ತದೆ. ಏಜೆಂಟರ ಹತ್ತಿರ ಕೊಳ್ಳುವುದಾದರೆ ಟಿಕೆಟ್ ಮಾರುವವರ ಸಂಘವಾದ 'ಸ್ಟಾರ್' ಸಂಸ್ಥೆಯ ಗುರುತು ಇದೆಯೇ ನೋಡಿಕೊಳ್ಳಿ. ಬೇಡಿಕೆ ನೋಡಿಕೊಂಡು ಬೆಲೆ ಏರಿಸುವ ಪದ್ಧತಿ ಇಲ್ಲಿದೆ. ಶನಿವಾರ ರಾತ್ರಿಗಿಂತ ವಾರದ ನಡುವಿನ ಆಟ ಸಾಮಾನ್ಯವಾಗಿ ಅಗ್ಗ.

ದಿನ ಗೊತ್ತುಮಾಡಿಕೊಂಡಿಲ್ಲದಿದ್ದರೆ ದಾರಿ ಬೇಕಾದಷ್ಟಿವೆ. ಲೆಸ್ಟರ್ ಸ್ಕ್ವೇರ್‌ನಲ್ಲಿ ರಿಯಾಯಿತಿ ಟಿಕೆಟ್ಟು ಮಾರುವ ಟಿಕೆಟಿಎಸ್ ಬೂತು 1980ರಿಂದ ಇದೆ. ನಡೆಸುವುದು ರಂಗಮಂದಿರಗಳದ್ದೇ ಸಂಘ, ಹಾಗಾಗಿ ಮೋಸದ ಭಯವಿಲ್ಲ. ಆ ಚೌಕದ ಸುತ್ತ 'ಅರ್ಧ ಬೆಲೆ' ಎಂದು ಬೋರ್ಡು ಹಾಕಿಕೊಂಡ ಬೇರೆ ಅಂಗಡಿಗಳಿವೆ, ಅವು ಬೇರೆ, ಇದು ಬೇರೆ. ಟುಡೇಟಿಕ್ಸ್ ಆ್ಯಪಿನಲ್ಲಿ ಕೆಲವು ನಾಟಕಗಳಿಗೆ ಆವತ್ತಿನ ಆಟದ ರಿಯಾಯಿತಿ ಟಿಕೆಟ್ಟು ಬೆಳಿಗ್ಗೆ ಬಿಡುತ್ತಾರೆ, ಸಾಮಾನ್ಯವಾಗಿ ಹತ್ತಕ್ಕೆ. ಹತ್ತಾಗುವ ಮೊದಲೇ ಲಾಗಿನ್ ಆಗಿ ಕಾದಿರಬೇಕು. ನ್ಯಾಷನಲ್ ಥಿಯೇಟರ್ ಶುಕ್ರವಾರ ಮಧ್ಯಾಹ್ನ ಒಂದಕ್ಕೆ ಮುಂದಿನ ವಾರದ ಒಂದಷ್ಟು ಟಿಕೆಟ್ಟುಗಳನ್ನು 10 ಪೌಂಡಿಗೆ ಕೊಡುತ್ತ ಬಂದಿದೆ. ನನ್ನ ಮಟ್ಟಿಗೆ ಈ ಊರಿನಲ್ಲಿ ಅದಕ್ಕಿಂತ ಒಳ್ಳೆಯ ಹತ್ತು ಪೌಂಡ್ ಇಲ್ಲ. ಆಗಸ್ಟ್‌ನ ಕಿಡ್ಸ್ ವೀಕ್ ಯೋಜನೆಯಲ್ಲಿ ಪೂರ್ಣ ಬೆಲೆ ಕೊಟ್ಟ ದೊಡ್ಡವರೊಬ್ಬರ ಜೊತೆ ಒಂದು ಮಗುವಿಗೆ ಉಚಿತ. ಇನ್ನು ಟಿಕೆಟ್ಟೆಲ್ಲ ಮುಗಿದಿದೆ ಎಂದರೂ ಒಬ್ಬರೇ ಹೋಗುವವರು ಆಸೆ ಬಿಡಬೇಡಿ. ವಾಪಸ್ ಬಂದ ಒಂಟಿ ಸೀಟು ಬಾಕ್ಸ್ ಆಫೀಸಿನಲ್ಲಿ ಸಂಜೆ ಸಿಕ್ಕಿದ್ದುಂಟು, ಅದೂ ಒಳ್ಳೆಯ ಸಾಲಿನಲ್ಲಿ.

ಥೇಮ್ಸ್ ದಡದ ಶೇಕ್ಸ್‌ಪಿಯರ್ಸ್ ಗ್ಲೋಬ್‌ನಲ್ಲಿ ರಂಗದ ಮುಂದಿನ ಅಂಗಳದಲ್ಲಿ ನಿಂತು ನೋಡುವ ಟಿಕೆಟ್ಟು ತುಂಬ ಅಗ್ಗ. ಮೇಲೆ ಸೂರಿಲ್ಲ, ಕೊಡೆ ಬಿಚ್ಚುವಂತಿಲ್ಲ, ರೇನ್‌ಕೋಟ್ ಒಯ್ಯಿರಿ. ಮಂಡಿನೋವು ಇದ್ದವರಿಗೆ ಬೇಡ.

ವಯಸ್ಸಾದವರ ಜೊತೆ ಹೋಗುವುದಾದರೆ ಮೆಟ್ಟಿಲ ಲೆಕ್ಕ ಮೊದಲೇ ಕೇಳಿಕೊಳ್ಳಿ. ಹಳೆಯ ಕಟ್ಟಡಗಳಲ್ಲಿ ಎಷ್ಟೋ ಕಡೆ ಲಿಫ್ಟ್ ಇಲ್ಲ, ಸ್ಟಾಲ್ಸ್ ರಸ್ತೆಗಿಂತ ಕೆಳಗಿರುವುದೂ ಉಂಟು. ರಂಗಮಂದಿರದ ಆಕ್ಸೆಸ್ ವಿಭಾಗಕ್ಕೆ ಫೋನ್ ಮಾಡಿದರೆ ಮೆಟ್ಟಿಲು ಕಡಿಮೆ ಇರುವ ಸೀಟು ಅವರೇ ಹುಡುಕಿ ಕೊಡುತ್ತಾರೆ. ಕೇಳಲು ಸಂಕೋಚ ಬೇಡ. ಮಕ್ಕಳ ವಯಸ್ಸಿನ ಮಿತಿ ನಾಟಕದಿಂದ ನಾಟಕಕ್ಕೆ ಬೇರೆ, ಕೆಲವು ಕಡೆ ಕೈಗೂಸನ್ನು ಒಳಗೆ ಬಿಡುವುದೇ ಇಲ್ಲ.

ಏಳೂವರೆ ಎಂದರೆ ಏಳೂವರೆಗೆ ಪರದೆ ಏಳುತ್ತದೆ. ಟ್ಯೂಬ್ ರೈಲು ತಡವಾಯಿತು ಎಂದರೆ ಸೀಟಿಗೆ ಬಿಡುವುದಿಲ್ಲ, ಸರಿಯಾದ ಬಿಡುವು ಬರುವ ತನಕ ಹೊರಗೇ ನಿಲ್ಲಿಸುತ್ತಾರೆ. ಏಳಕ್ಕೆಲ್ಲ ಬಾಗಿಲ ಹತ್ತಿರ ಇರಿ, ಟಿಕೆಟ್ಟನ್ನು ಮನೆಯಲ್ಲೇ ಫೋನಿಗೆ ಇಳಿಸಿಕೊಂಡಿರಿ. ನೆಲಮಾಳಿಗೆಯಲ್ಲಿ ಸಿಗ್ನಲ್ ಸಿಗುವುದಿಲ್ಲ.