ಪಾಂಬೋಲಿನ ಬೆಳ್ಳಿ

ಮೀನು ರಫ್ತು ಮಾಡುವ ನನಗೆ ಚೀನಾದ ಗಿರಾಕಿಗಳಿಂದ ಬಂದ ಮೊದಲ ದೂರು ಒಂದೇ ಒಂದು ಫೋಟೊ. ಮಲ್ಪೆ ಬಂದರಿನಲ್ಲಿ ನಾನೇ ನಿಂತು ಆರಿಸಿದ್ದ ಪಾಂಬೋಲ್ (ರಿಬ್ಬನ್ ಫಿಶ್) ಮೀನಿನ ಹೊಟ್ಟೆಯ ಉದ್ದಕ್ಕೂ ಅರಸಿನ ಬಳಿದಂತೆ ಹಳದಿ ಗೆರೆ. ಮೀನು ಕೊಳೆತಿರಲಿಲ್ಲ. ಆದರೂ ಇಷ್ಟು ಬೆಲೆ ಕಡಿತ ಎಂದು ಒಂದೇ ಸಾಲು ಬರೆದಿದ್ದರು. ಮಾಲು ಅವರ ಬಂದರಿನಲ್ಲಿ, ಬಾಕಿ ಹಣವೂ ಅವರ ಕೈಯಲ್ಲಿ. ಒಪ್ಪಿಕೊಂಡೆ, ಆ ಕಂಟೇನರಿನ ಲಾಭ ಅಲ್ಲಿಗೆ ಮುಗಿಯಿತು.

ನಮ್ಮ ಕರಾವಳಿಯ ಊಟದಲ್ಲಿ ಪಾಂಬೋಲಿಗೆ ಅಂಜಲ್, ಮಾಂಜಿಯಂಥ ದುಬಾರಿ ಮೀನುಗಳ ಮರ್ಯಾದೆ ಇಲ್ಲ. ಚೀನಾದಲ್ಲಿ ಹಾಗಲ್ಲ. ಅಲ್ಲಿ ಅದರ ಹೆಸರಿಗೆ ಪಟ್ಟಿಯಂಥ ಮೀನು ಎಂದರ್ಥ, ಮನೆಮನೆಯ ಅಡುಗೆ. ನನ್ನ ಗಿರಾಕಿಗಳು ತಲೆ ಬಾಲ ಸಮೇತ ಇಡೀ ಮೀನನ್ನೇ ಕೇಳುತ್ತಾರೆ, ಮತ್ತು ಮೊದಲು ನೋಡುವುದು ಬೆಳ್ಳಿಯನ್ನು. ಈ ಮೀನಿಗೆ ಹುರುಪೆ ಇಲ್ಲ. ಒರಟಾಗಿ ಎಳೆದರೆ, ಸಲಿಕೆಯಿಂದ ಮಂಜುಗಡ್ಡೆ ಸುರಿದರೆ ಮೈಯ ಹೊಳಪು ಸುಲಿದು ಬೂದು ಚರ್ಮ ಉಳಿಯುತ್ತದೆ.

“ನಿಮ್ಮ ಚೀನಾದವರು ಮೀನು ತಿನ್ನುತ್ತಾರೋ, ಕನ್ನಡಿ ಮಾಡಿ ಗೋಡೆಗೆ ಹಾಕುತ್ತಾರೋ ಅಣ್ಣ?” ಎಂದು ಪರಿಚಯದ ತಾಂಡೇಲರೊಬ್ಬರು, ಅಂದರೆ ಬೋಟು ನಡೆಸುವವರು, ನಕ್ಕಿದ್ದರು. ಅವರ ಬೋಟಿನಲ್ಲೇ ನನಗೆ ಪಾಠವೂ ಆಯಿತು. ಆಳಸಮುದ್ರದ ಬೋಟು ಎಂಟು ಹತ್ತು ದಿನ ಹೊರಗಿರುತ್ತದೆ. ಮೊದಲ ದಿನದ ಮೀನು ತಳದಲ್ಲಿ ಭಾರ ಹೊತ್ತು ಮಲಗಿರುತ್ತದೆ, ಕೊನೆಯದು ಮೇಲೆ. ಏಲಂನಲ್ಲಿ ಎಲ್ಲವೂ ಒಂದೇ ರಾಶಿ. ನಾನು ಮೇಲಿನದನ್ನು ನೋಡಿ ತಳದ್ದಕ್ಕೂ ಬೆಲೆ ಕಟ್ಟುತ್ತಿದ್ದೆ! ಕೊನೆಯ ಮೂರು ದಿನದ ಮೀನನ್ನು ಬೇರೆ ಕ್ರೇಟಿನಲ್ಲಿಟ್ಟರೆ ಕಿಲೋಗೆ ಹೆಚ್ಚು ಕೊಡುತ್ತೇನೆ ಎಂದು ಮಾತು ಕೊಟ್ಟೆ. ಮೊದಲಿಗೆ ಇಬ್ಬರು ಒಪ್ಪಿದರು.

ಅರ್ಧ ತಪ್ಪು ನಮ್ಮ ಶೆಡ್ಡಿನಲ್ಲೇ ಇತ್ತು. ತೂಕದ ಪ್ರಕಾರ ವಿಂಗಡಿಸಿ, ಉದ್ದನೆಯ ಮೀನನ್ನು ಮಡಚಿ ಹತ್ತು ಕಿಲೋದ ತಟ್ಟೆಗೆ ಹಾಕಿ, ಮೈನಸ್ 40 ಡಿಗ್ರಿಯ ಪ್ಲೇಟ್ ಫ್ರೀಜರಿಗೆ ಇಡುತ್ತೇವೆ. ಹೆಪ್ಪುಗಟ್ಟಿ ಹೊರಬಂದ ಮೀನಿನ ಗಡ್ಡೆಯನ್ನು ತಣ್ಣೀರಿನಲ್ಲಿ ಅದ್ದಿದಾಗ ಮೇಲೆ ಮಂಜಿನ ಪೊರೆ ಕೂರುತ್ತದೆ. ಪೊರೆ ತೆಳುವಾದರೆ ಮೀನಿನ ಕೊಬ್ಬಿಗೆ ಗಾಳಿ ತಾಗಿ ಹಳದಿ ಬರುತ್ತದೆ. ರಾತ್ರಿ ಪಾಳಿಯಲ್ಲಿ ಅವಸರಕ್ಕೆ ಗಡ್ಡೆಯನ್ನು ನೀರಿಗೆ ತೋರಿಸಿ ತೆಗೆಯುತ್ತಿದ್ದರು. ಆಮೇಲೆ ಅದ್ದುವ ಮೊದಲು ಒಮ್ಮೆ, ಅದ್ದಿದ ಮೇಲೆ ಒಮ್ಮೆ ತೂಗಲು ತಕ್ಕಡಿ ಇಟ್ಟೆ. ಪೊರೆಯ ತೂಕಕ್ಕೆ ಗಿರಾಕಿ ದುಡ್ಡು ಕೊಡುವುದಿಲ್ಲ, ಕರಗಿಸಿಯೇ ತೂಗುತ್ತಾನೆ. ಹಾಗಾಗಿ ದಪ್ಪ ಮಾಡಿಯೂ ಪ್ರಯೋಜನವಿಲ್ಲ.

ಕಾಗದಪತ್ರ ಮೀನಿನಷ್ಟು ಜಾರುವುದಿಲ್ಲ, ಆದರೆ ಚುಚ್ಚುತ್ತದೆ. ರಫ್ತು ತಪಾಸಣಾ ಸಂಸ್ಥೆಯ ಆರೋಗ್ಯ ಪ್ರಮಾಣಪತ್ರದಲ್ಲಿ ಒಂದು ಅಂಕಿ ತಪ್ಪಿದರೂ ಕಂಟೇನರ್ ಅಲ್ಲೇ ನಿಲ್ಲುತ್ತದೆ. 2020ರ ನವೆಂಬರಿನಲ್ಲಿ ಭಾರತದಿಂದ ಹೋದ ಕಪ್ಪೆ ಬೊಂಡಾಸ್ ಪೊಟ್ಟಣದ ಮೇಲೆ ಕೊರೊನಾ ವೈರಸ್ ಕುರುಹು ಸಿಕ್ಕಿತೆಂದು ಚೀನಾ ಒಂದು ಕಂಪನಿಯ ಆಮದನ್ನು ವಾರದ ಮಟ್ಟಿಗೆ ನಿಲ್ಲಿಸಿತು. ನನ್ನದು ಪಾಂಬೋಲ್, ನನಗೇನು ಎಂದುಕೊಂಡಿದ್ದೆ. ನನ್ನ ಪೆಟ್ಟಿಗೆಗಳೂ ತಪಾಸಣೆಯ ಸರದಿಯಲ್ಲಿ ನಿಂತವು, ಕಂಟೇನರನ್ನು ತಣ್ಣಗಿಡುವ ಕರೆಂಟಿನ ಬಾಡಿಗೆ ದಿನದಿನಕ್ಕೂ ಏರಿತು. 2022ರ ಜನವರಿ 1ರಿಂದ ಮೀನು ಸಂಸ್ಕರಿಸಿದ ಘಟಕದ ನೋಂದಣಿ ಸಂಖ್ಯೆ ಒಳ ಹೊರ ಎರಡೂ ಹೊದಿಕೆಯ ಮೇಲೆ ಇರಬೇಕೆಂದು ಚೀನಾದವರು ಹೇಳಿದರು. ಹಳೆಯ ಅಚ್ಚಿನ ರಟ್ಟಿನ ಪೆಟ್ಟಿಗೆಗಳ ರಾಶಿ ನನ್ನ ಬಳಿ ಇತ್ತು. ಒಂದು ಕಂಟೇನರಿಗೆ ಸುಮಾರು 2,700 ಪೆಟ್ಟಿಗೆ. ವಿಂಗಡಣೆಯ ಹೆಂಗಸರ ಜೊತೆ ನಾನೂ ಕುಳಿತು ಚೀಟಿ ಅಂಟಿಸಿದೆ.

ಈಗ ಪ್ರತಿ ವರ್ಷ ಜೂನ್, ಜುಲೈ ತಿಂಗಳ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಇಳಿದ ಕೂಡಲೇ ಬಂದರಿಗೆ ಹೋಗುತ್ತೇನೆ. ಕ್ರೇಟಿನ ತಳಕ್ಕೆ ಕೈ ಹಾಕಿ ಒಂದು ಮೀನು ಎಳೆದು ಹೆಬ್ಬೆರಳು ಒರೆಸುತ್ತೇನೆ. ಬೆರಳಿಗೆ ಬೆಳ್ಳಿ ಪುಡಿ ರಾಶಿಯಾಗಿ ಬಂದರೆ ಆ ಕ್ರೇಟು ಊರಿನ ಮಾರುಕಟ್ಟೆಗೆ.